ಬೆನ್ನು ಮುಟ್ಟುವ ಕೈ

ಬರ ಬರುತ್ತದೆ ಎಂದು ನಮ್ಮ ಅತ್ತೆಗೆ ಖಾತ್ರಿಯಾದ ವರ್ಷ ಅವಳು ಒಂದು ಬೆಳಿಗ್ಗೆ ಕುರಿರೊಪ್ಪದ ಬಾಗಿಲಿಗೆ ಬಂದು ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ರೊಪ್ಪ ಎಂದರೆ ಸುತ್ತ ಮುಳ್ಳು ಹಾಕಿದ ಜಾಗ, ಒಂದೇ ಬಾಗಿಲು. ನನ್ನ ಮೈದುನ ಒಳಗೆ ನಿಂತು ಒಂದೊಂದೇ ಕುರಿಯನ್ನು ಬಿಡುತ್ತಿದ್ದ. ಅತ್ತೆ ಅದರ ಸೊಂಟದ ಮೇಲೆ ಕೈಯಿಟ್ಟು, ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಒತ್ತಿ, ಬೆನ್ನುಮೂಳೆಯ ಅಕ್ಕಪಕ್ಕ ಎಷ್ಟು ಮಾಂಸ ಕೂತಿದೆ ಎಂದು ನೋಡುತ್ತಿದ್ದಳು. ಆಮೇಲೆ ಒಂದೇ ಮಾತು. “ಇರ್ಲಿ” ಇಲ್ಲವೇ “ಓಗ್ಲಿ”.

ಓಗ್ಲಿ ಅನ್ನಿಸಿಕೊಂಡ ಕುರಿ ಆ ವಾರವೇ ಸಂತೆಗೆ ಹೋಗಿ ಕಟುಕನ ಕೈ ಸೇರುತ್ತಿತ್ತು. ಮೇವು ಇನ್ನೂ ಇರುವಾಗಲೇ, ಕುರಿಯ ಮೈಯಲ್ಲಿ ಇನ್ನೂ ಮಾಂಸ ಇರುವಾಗಲೇ ಈ ಕೆಲಸ ಮುಗಿಸಬೇಕು. ತಡ ಮಾಡಿದರೆ ಸಾಯುವ ಕುರಿ ಬದುಕುವ ಕುರಿಯ ಹುಲ್ಲನ್ನೂ ತಿಂದು ಸಾಯುತ್ತದೆ. ಊರಿನ ಬೇರೆಯವರು ಇನ್ನೊಂದು ಮಳೆ ನೋಡೋಣ, ಇನ್ನೊಂದು ಮಳೆ ನೋಡೋಣ ಎಂದು ಕಾದು, ಕೊನೆಗೆ ಚರ್ಮ ಮಾರಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಅದು ಆಗಲಿಲ್ಲ. ಬಾಗಿಲಲ್ಲಿ ಕೂತವಳು ಹೇಳಿದ ಮೇಲೆ ಯಾರೂ ತುಟಿ ಬಿಚ್ಚುವ ಹಾಗಿರಲಿಲ್ಲ. ಮಾವ ಬದುಕಿದ್ದಾಗಲೂ ಬಿಚ್ಚಲಿಲ್ಲವಂತೆ. ಅತ್ತೆಗೆ ಈ ಕೆಲಸ ಅವಳ ಅತ್ತೆಯಿಂದ ಬಂದದ್ದು.

ಅವಳ ಕೈ ಮಾಡುತ್ತಿದ್ದದ್ದು ಅದೊಂದೇ ಅಲ್ಲ. ಕೆಟ್ಟ ವರ್ಷ ಟಗರುಗಳ ಹೊಟ್ಟೆಯ ಅಡಿಗೆ ಗೋಣಿ ಕಟ್ಟಿಬಿಡುತ್ತಿದ್ದಳು. ಹಾರಿದರೂ ಏನೂ ಆಗಬಾರದು. ಕಟ್ಟುವುದರೊಳಗೆ ಗಬ್ಬವಾದ ಕುರಿ ಬೇಸಿಗೆಯಲ್ಲಿ ಈದರೆ ಗಂಡು ಮರಿಯನ್ನು ನೆಲಕ್ಕೆ ಬಿದ್ದ ಕೂಡಲೇ ಕತ್ತು ತಿರುಗಿಸುತ್ತಿದ್ದಳು. ತಾಯಿ ನೆಕ್ಕುವುದಕ್ಕೂ ಬಿಡುತ್ತಿರಲಿಲ್ಲ. ನೆಕ್ಕಿದರೆ ಹಾಲು ಇಳಿಯುತ್ತದೆ, ಹಾಲು ಇಳಿದರೆ ತಾಯಿ ಇಳಿದುಹೋಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ನೋಡಿ ನಾನು ಅನ್ನ ಬಿಟ್ಟಿದ್ದೆ. ಅತ್ತೆ ನನ್ನ ತಟ್ಟೆಯನ್ನು ನಾಯಿಯ ಮುಂದೆ ಇಟ್ಟಳು. ಆಮೇಲೆ ನಾನು ಅನ್ನ ಬಿಡಲಿಲ್ಲ.

ನನ್ನ ಗಂಡನ ಊರು ಗಾವಡಗೆರೆಯ ಹತ್ತಿರ, ಒಣ ನೆಲ. ಅಲ್ಲಿಯ ಕುರಿ ಕಪ್ಪು, ಗಿಡ್ಡ. ಒಣಗಿದ ಜಾಲಿಕಾಯಿ, ಉದುರಿದ ಎಲೆ, ಏನು ಕೊಟ್ಟರೂ ತಿಂದು ನಿಲ್ಲುತ್ತದೆ. ನನ್ನ ತವರು ಕೆ.ಆರ್. ನಗರದ ಕಡೆ, ನಾಲೆಯ ಬದಿ. ನಮ್ಮಪ್ಪನ ಕುರಿ ಬಿಳಿ, ಎತ್ತರ, ಭತ್ತ ಕೊಯ್ದ ಗದ್ದೆಯಲ್ಲಿ ಮೇದು ಬೆಳೆದದ್ದು. ಮದುವೆಯಲ್ಲಿ ಅಪ್ಪ ನನ್ನ ಜೊತೆ ಕುರಿ ಹೊಡೆದು ಕಳಿಸಿದ. ಅವುಗಳ ಬಲಗಿವಿಯ ತುದಿ ಸೀಳಿತ್ತು, ಅದು ನಮ್ಮ ತವರಿನ ಗುರುತು. ಗಂಡನ ಮನೆಯ ಕುರಿಗೆ ಎಡಗಿವಿಯಲ್ಲಿ ಕಚ್ಚು. ಒಂದೇ ರೊಪ್ಪದಲ್ಲಿ ಮಲಗಿದರೂ ಬಲಗಿವಿ ಸೀಳಿದ್ದು ನನ್ನದು, ಅದರ ಹೊಟ್ಟೆಯಲ್ಲಿ ಹುಟ್ಟಿದ್ದೂ ನನ್ನದು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ. ಹೊಲ ಗಂಡಸರದು, ಮನೆ ಅತ್ತೆಯದು, ಮಕ್ಕಳು ಕೂಡ ಅವರ ಮನೆಯ ಹೆಸರಿನವರು. ಕುರಿ ಇರುವವರೆಗೆ ನಾನು ಆ ಮನೆಯಲ್ಲಿ ಒಬ್ಬಳು. ಕುರಿ ಮುಗಿದರೆ ಆಳು. ಇದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

“ನಿಮ್ಮಪ್ಪ ಕುರಿ ಕೊಟ್ನೋ ಎಮ್ಮೆ ಕೊಟ್ನೋ,” ಎನ್ನುತ್ತಿದ್ದಳು. “ಇವು ಉಣ್ಣೋದ್ರಲ್ಲಿ ನಮ್ಮವು ಮೂರು ಉಂಡು ಎದ್ದೋಯ್ತವೆ. ನಿನ್ನಂಗೇ ಕಣಮ್ಮಿ.”

ಮೊದಲೆಲ್ಲ ಬರ ಎಂದರೆ ಬರ, ಒಂದು ವರ್ಷ ಬಂದು ಹೋಗುತ್ತಿತ್ತು. ಇಸವಿ ಎರಡು ಸಾವಿರ ಆಗುವ ಹೊತ್ತಿಗೆ ಲೆಕ್ಕ ತಪ್ಪಿತು. ಆರಿದ್ರೆ ಮಳೆ ಬರಬೇಕಾದಾಗ ಬಿಸಿಲು, ಕಣ ಮಾಡುವಾಗ ಮಳೆ. ಇರುವೆ ಮೊಟ್ಟೆ ಕಚ್ಚಿಕೊಂಡು ಏರಿ ಹತ್ತಿದ್ದನ್ನು ನೋಡಿ ಅತ್ತೆ ಮಂದೆ ತಿರುಗಿಸಿದರೆ ಹನಿ ಬೀಳಲಿಲ್ಲ. ಅವಳು ಸುಮ್ಮನೆ ಕೂರುವವಳಲ್ಲ. ಟಗರಿನ ಗೋಣಿ ಬಿಚ್ಚುವ ಕಾಲವನ್ನು ಒಂದು ವರ್ಷ ಹಿಂದಕ್ಕೆ, ಒಂದು ವರ್ಷ ಮುಂದಕ್ಕೆ ಹಾಕಿ ನೋಡಿದಳು. ಜಾಲಿಕಾಯಿಯನ್ನು ಎರಡು ಪಟ್ಟು ಆರಿಸಿ ಗುಡಾಣದಲ್ಲಿ ತುಂಬಿಸಿದಳು. ಮೇಯಿಸುವ ಜಾಗವೂ ಕಡಿಮೆಯಾಗುತ್ತಿತ್ತು. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಬಯಲು ಕಂಡಲ್ಲೆಲ್ಲ ಹೊಗೆಸೊಪ್ಪು ಬಂತು. ಕುರಿ ಮಾತ್ರವಲ್ಲ, ಮೇಕೆಯೂ ಬಾಯಿ ಹಾಕದ ಬೆಳೆ. ಅದನ್ನು ಬೇಯಿಸಲು ಮರವನ್ನೂ ಕಡಿದರು. ಎಲೆ ಉದುರಿಸುವ ಮರವೇ ಇಲ್ಲದ ಮೇಲೆ ಕಪ್ಪು ಕುರಿಯಾದರೂ ಏನು ತಿನ್ನಬೇಕು.

ಆಮೇಲೆ ಬಂದ ದೊಡ್ಡ ಬರದ ಮೊದಲ ವರ್ಷ ಅತ್ತೆ ಬಾಗಿಲಲ್ಲಿ ಕೂತಾಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರನ್ನು ದನಿಯಿಂದ ಗುರುತಿಸುತ್ತಿದ್ದಳು. ಕುರಿಗೆ ಕಣ್ಣು ಬೇಕಿಲ್ಲ, ಕೈ ಸಾಕು. ಕಪ್ಪು ಕುರಿಗಳಲ್ಲಿ ಮುದಿಯಾದವು, ಹಲ್ಲು ಬಿದ್ದವು ಓಗ್ಲಿ ಅನ್ನಿಸಿಕೊಂಡವು. ಆಮೇಲೆ ನನ್ನವು ಬಂದವು. ಮೊದಲನೆಯದಕ್ಕೆ ಓಗ್ಲಿ. ಅದರ ಹಿಂದಿನದಕ್ಕೆ ಓಗ್ಲಿ. ಅದರ ಹಿಂದಿನದಕ್ಕೂ.

“ಅತ್ತೆಮ್ಮ, ಅವು ಇನ್ನೂ ಮೈ ತುಂಬ್ಕೊಂಡವೆ. ಕೈ ಸರ್ಯಾಗಿ ಮಡುಗಿ ನೋಡಿ,” ಎಂದೆ.

“ತುಂಬ್ಕೊಂಡಿರೋದ್ಕೇ ಓಗ್ಲಿ ಅಂದಿದ್ದು. ಇನ್ನೆಲ್ಡು ತಿಂಗ್ಳು ಕಳುದ್ರೆ ಇವುನ್ನ ನಾಯೂ ಮೂಸಾಕಿಲ್ಲ. ನಾಲೆ ಉಲ್ಲು ಕಂಡವು ಇವು. ಒಣಗಿದ ಎಲೆ ಅಗಿಯಾಕೆ ಅವ್ಕೇನು ಗೊತ್ತಮ್ಮಿ?”

“ಅಂಗಾರೆ ನಮ್ಮಣ್ಣನ ಮಂದೆಗೆ ಸೇರಿಸ್ಬುಡಾನ. ಅಲ್ಲಿ ನಾಲೆ ಅದೆ.”

ಇದು ಹೊಸ ಮಾತೇನಲ್ಲ. ಕೆಟ್ಟ ಕಾಲದಲ್ಲಿ ಮಂದೆಯನ್ನು ಒಡೆದು ನೆಂಟರ ಮಂದೆಯಲ್ಲಿ ಬಿಡುವುದು ನಮ್ಮಲ್ಲಿ ಇದ್ದದ್ದೇ. ಒಂದು ಕಡೆ ಸತ್ತರೆ ಇನ್ನೊಂದು ಕಡೆ ಉಳಿಯಲಿ ಎಂದು.

“ನಾಲೇಲಿ ಈ ವರ್ಸ ನೀರು ಅರಿಯಾಕಿಲ್ಲ, ನಿಮ್ಮಣ್ಣನ ಉಚ್ಚೆ ಅರೀತದೆ,” ಎಂದಳು ಅತ್ತೆ. ಮೈದುನ ಒಳಗಿಂದ ಕಿಸಕ್ಕನೆ ನಕ್ಕ.

ನಾನು ಗಂಡನ ಮುಖ ನೋಡಿದೆ. ಅವನು ಮುಳ್ಳು ಸರಿ ಮಾಡುವವನ ಹಾಗೆ ಬಗ್ಗಿದ. “ಅವ್ವನ ಕೈ ಮಾತಾಡ್ತು ಕಣೆ,” ಎಂದ. ಅಷ್ಟೇ ಅವನಿಂದ ಬಂದದ್ದು.

ಕೊನೆಗೆ ನನ್ನದೊಂದು ಎಳೆ ಕುರಿ ಬಂತು. ಆಗತಾನೆ ಮೊದಲ ಗಬ್ಬ ಕಟ್ಟಿದ್ದು, ಚೊಚ್ಚಲು. ಅತ್ತೆಯ ಕೈ ಅದರ ಸೊಂಟದ ಮೇಲೆ ಸ್ವಲ್ಪ ಹೊತ್ತು ನಿಂತಿತು.

“ಇದು ಬಿಗಿಯಾಗದೆ. ನಿಮ್ಮಪ್ಪನ ಮಂದೆಗೆ ನಮ್ಮ ಕಡೆ ಕರಿ ಟಗರು ಯಾವ್ದೋ ಬೇಲಿ ಆರಿರ್ಬೇಕು,” ಎಂದು ನಕ್ಕು, “ಇರ್ಲಿ” ಎಂದಳು.

ಉಳಿದವನ್ನು ಬಿಳಿಕೆರೆಯ ಕಡೆಯ ವ್ಯಾಪಾರಿ ಹೊಡೆದುಕೊಂಡು ಹೋದ. ಬಲಗಿವಿ ಸೀಳಿದ ಕುರಿ ಒಂದೇ ಒಂದು ಉಳಿಯಿತು. ಅದು ಈದು, ಮರಿ ಹೆಣ್ಣಾಗಿ, ಎರಡೂ ಬದುಕಿದರೆ ನನ್ನದು ಮುಂದುವರಿಯುತ್ತದೆ. ಇಲ್ಲದಿದ್ದರೆ ಇಲ್ಲ.

ಅತ್ತೆ ಹೇಳಿದ್ದು ಸುಳ್ಳಾಗಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಆ ವರ್ಷ ನಾಲೆಗೆ ನೀರು ಬಿಡಲಿಲ್ಲ. ಗದ್ದೆ ಬೀಳಾಯಿತು. ನಮ್ಮಣ್ಣನ ಬಿಳಿ ಕುರಿಗಳು ಒಣ ಬದುವಿನ ಮೇಲೆ ನಿಂತು ನಿಂತೇ ಸತ್ತವು. ನನ್ನವನ್ನು ಅಲ್ಲಿಗೆ ಕಳಿಸಿದ್ದರೆ ಜೊತೆಗೆ ಸಾಯುತ್ತಿದ್ದವು. ಒಣಗಿದ ನೆಲದ ವಿಷಯದಲ್ಲಿ ಆ ಮುದುಕಿಯ ಕೈ ತಪ್ಪಿದ್ದನ್ನು ನಾನು ನೋಡಿಲ್ಲ.

ಬೇಸಿಗೆ ಹತ್ತಿರ ಬಂತು. ಪ್ರತಿ ವರ್ಷ ಕೆ.ಆರ್. ನಗರದ ಗದ್ದೆ ಬಯಲಿಗೆ ಹೋಗಿ, ಅವರಿವರ ಗದ್ದೆಯಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಿ, ಕಾಳು ಇಸಿದುಕೊಂಡು ಬರುತ್ತಿದ್ದೆವು. ಈ ಸಲ ಅಲ್ಲಿ ಕೊಯ್ದು ಬಿಟ್ಟ ಕೂಳೆಯೂ ಇಲ್ಲ. ಕೋಟೆ ತಾಲ್ಲೂಕಿನ ಕಡೆಯಿಂದ ಬಂದವರು ಯಾರೋ ಅಂತರಸಂತೆಯ ಆಚೆ ಡ್ಯಾಮಿನ ಹಿನ್ನೀರು ಹಿಂದಕ್ಕೆ ಸರಿದಿದೆ, ಬಿಟ್ಟ ನೆಲದಲ್ಲಿ ಹಸಿರು ಹುಲ್ಲು ಮೊಣಕಾಲುದ್ದ ಎದ್ದಿದೆ ಎಂದರು. ನಮ್ಮ ಮಂದೆ ಯಾವತ್ತೂ ಆ ಕಡೆ ಹೋದದ್ದಿಲ್ಲ. ಅದು ನೀರಿನ ನೆಲ, ಕಾಡಿನ ಅಂಚು. ಆದರೆ ಬೇರೆ ದಾರಿ ಇರಲಿಲ್ಲ. ಮಕ್ಕಳನ್ನು ಊರಲ್ಲಿ ವಾರಗಿತ್ತಿಯ ಹತ್ತಿರ ಬಿಟ್ಟು ನಾಲ್ಕು ಜನ ಹೊರಟೆವು. ಅತ್ತೆ, ನನ್ನ ಗಂಡ, ಮೈದುನ, ನಾನು. ಅತ್ತೆ ಗಂಟೆಕುರಿಯ ಹಿಂದೆ, ಅದರ ಗಂಟೆ ಕೇಳಿಕೊಂಡು ನಡೆದಳು. ಮಂದೆಯ ಮುಂದೆ ಹೋಗುವ ಆ ಕಪ್ಪು ಕುರಿಯನ್ನು ಅವಳೇ ಕೈಯಾರೆ ಸಾಕಿದ್ದು. ಕಣ್ಣು ಕಾಣದ ಮೇಲೆ ಅದೇ ಅವಳಿಗೆ ಕೋಲು.

ಹಿನ್ನೀರಿನ ಹುಲ್ಲು ನೋಡಿ ಗಂಡಸರಿಬ್ಬರೂ ಹುಚ್ಚರ ಹಾಗೆ ಆದರು. ಮುಳುಗಿ ಸತ್ತ ಮರದ ಮೋಟುಗಳ ನಡುವೆ ಕಣ್ಣು ಹಾಯುವಷ್ಟು ದೂರ ಹಸಿರು. ಸಂಜೆ ಆನೆ ಬಂದು ಮೇಯುವುದು, ಹಗಲು ನಾವು. ಕಪ್ಪು ಕುರಿಗಳು ತಲೆ ಎತ್ತದೆ ತಿಂದವು.

ನಾನು ಇಳಿದು ನೀರಿನ ಅಂಚಿಗೆ ಹೋಗಿ ನೋಡಿದೆ. ಹುಲ್ಲಿನ ಬುಡದಲ್ಲಿ ಸಣ್ಣ ಸಣ್ಣ ಬಸವನಹುಳು ಅಂಟಿಕೊಂಡಿದ್ದವು. ನಾಲೆಯ ಕಡೆ ಹುಟ್ಟಿದವರಿಗೆ ಅದು ಏನು ಎಂದು ಹೇಳಬೇಕಾಗಿಲ್ಲ. ಅಂಥ ಹುಲ್ಲು ತಿಂದ ಕುರಿಯ ಹೊಟ್ಟೆಗೆ ಕಣ್ಣಿಗೆ ಕಾಣದ ಹುಳ ಸೇರಿ ಲಿವರ್ರಿಗೆ ಇಳಿಯುತ್ತದೆ. ಮೊದಮೊದಲು ಕುರಿ ಚೆನ್ನಾಗಿ ಮೈ ತುಂಬಿಕೊಳ್ಳುತ್ತದೆ. ನೋಡಿದವರಿಗೆ ಸಂತೋಷವಾಗುವ ಹಾಗೆ ಇರುತ್ತದೆ. ಆಮೇಲೆ ರಕ್ತ ಹೋಗಿ, ಗದ್ದದ ಕೆಳಗೆ ನೀರಿನ ಚೀಲ ಇಳಿದು ಸಾಯುತ್ತದೆ. ಅದಕ್ಕೇ ನಮ್ಮ ತವರಿನಲ್ಲಿ ಬೆನ್ನು ಮುಟ್ಟಿ ನೋಡುವುದಿಲ್ಲ. ನಮ್ಮಪ್ಪ ಕುರಿಯ ತಲೆ ಹಿಡಿದು ಕೆಳಗಿನ ರೆಪ್ಪೆ ಎಳೆದು ನೋಡುತ್ತಿದ್ದ. ಒಳಗೆ ಕೆಂಪಗಿದ್ದರೆ ಒಳ್ಳೆಯದು. ಬಿಳಚಿಕೊಂಡಿದ್ದರೆ ಅವತ್ತೇ ಮಾರುತ್ತಿದ್ದ.

“ನೀರಿನ ಅಂಚಿಗೆ ಬುಡಬ್ಯಾಡಿ. ಉಳ ಅದೆ,” ಎಂದೆ.

“ಇಬ್ಬನಿ ಆರೋವರ್ಗೂ ಬುಡಾಕಿಲ್ಲ, ಅದು ನಂಗೂ ಗೊತ್ತದೆ,” ಎಂದಳು ಅತ್ತೆ.

“ಇಬ್ಬನಿ ಅಲ್ಲ ಅತ್ತೆಮ್ಮ, ಬಸವನುಳ. ಒತ್ತು ಏರುದ್ರೂ ಅದು ಅಲ್ಲೇ ಇರ್ತದೆ.”

“ಬಸವನುಳ ಏನು ಉಲಿಯೇನಮ್ಮಿ, ಕುರಿ ಇಡಿಯಾಕೆ?”

ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮತ್ತೆ ಹೇಳಿದೆ. ಗಂಡನಿಗೆ ಬೇರೆಯಾಗಿ ಹೇಳಿದೆ. “ಇಷ್ಟು ಉಲ್ಲು ಬುಟ್ಟು ಎಲ್ಗೆ ಒಡಕೊಂಡೋಗನೆ? ನಿಮ್ಮಪ್ಪನ ಮನ್ಗಾ?” ಎಂದ.

ಸರಿ. ನನ್ನ ಚೊಚ್ಚಲನ್ನು ನಾನು ನೀರಿನ ಹತ್ತಿರ ಬಿಡಲಿಲ್ಲ. ಮೇಲೆ ದಡದಲ್ಲಿ ಕಟ್ಟಿ, ಕುಡುಗೋಲು ಕಟ್ಟಿದ ದೋಟಿಯಿಂದ ಬಸರಿ ಸೊಪ್ಪು, ಜಾಲಿ ಸೊಪ್ಪು ಎಳೆದು ಹಾಕಿದೆ. ಕುಂಟುವ ಕುರಿ ಕೆಲವು, ಈ ಸಲ ಗಬ್ಬ ಕಟ್ಟದೆ ಗೊಡ್ಡು ಬಿದ್ದು ಇಳಿಜಾರು ಇಳಿಯಲಾರದವು ಕೆಲವು ಅದರ ಜೊತೆ ದಡದಲ್ಲೇ ಉಳಿದವು. ಸೊಪ್ಪು ಸಾಲದು. ನನ್ನ ಕುರಿ ಹೊಟ್ಟೆ ದೊಡ್ಡದಾಗುತ್ತಾ ಸೊಂಟ ಒಣಗುತ್ತಾ ಬಂತು. ಕೆಳಗೆ ಕಪ್ಪು ಕುರಿಗಳು ಉಬ್ಬಿ ಮಿನುಗುತ್ತಿದ್ದವು.

“ನನ್ನ ಮಗನ್ಗೆ ಒಂದಿನಾನೂ ಇಂಗೆ ಬಾಯಿಗಿಟ್ಟು ಉಣ್ಣಿಸ್ಲಿಲ್ಲ ಇವ್ಳು,” ಎನ್ನುತ್ತಿದ್ದಳು ಅತ್ತೆ.

“ನಿಮ್ಮಗನ್ಗೆ ಬಾಲ ಇದ್ದಿದ್ರೆ ಉಣ್ಣಿಸ್ತಿದ್ದೆ,” ಎಂದೆ.

ಇದ್ದಕ್ಕಿದ್ದ ಹಾಗೆ ಮಳೆ ಬಂತು. ಇನ್ನೂ ಬಿಸಿಲು ಕಾಯಬೇಕಾದ ಕಾಲ. ಸುರಿದದ್ದು ಸುರಿದ ಹಾಗೇ, ಹೊತ್ತು ಗೊತ್ತಿಲ್ಲದೆ. ಹಿನ್ನೀರು ಏರುವ ಮೊದಲು ಊರಿಗೆ ಹೊರಡಬೇಕು ಎಂದು ಅತ್ತೆ ತೀರ್ಮಾನ ಮಾಡಿದಳು. ದೂರದ ನಡಿಗೆಗೆ ಮುಂಚೆ ಮತ್ತೆ ಬಾಗಿಲಲ್ಲಿ ಕೂರುವುದು ಕ್ರಮ. ಅವತ್ತು ಅಂತರಸಂತೆಯ ಸಂತೆಗೆ ಬಂದಿದ್ದ ಕುರಿ ವ್ಯಾಪಾರಿಯೊಬ್ಬ ನಮ್ಮ ಕುರಿಗಳ ಸುದ್ದಿ ಕೇಳಿ ಬೆಳಿಗ್ಗೆಯೇ ಬಂದು ನಿಂತಿದ್ದ. ಇಂಥ ವರ್ಷದಲ್ಲಿ ಇಂಥ ಬೆನ್ನಿನ ಕುರಿ ಕಂಡಿಲ್ಲ, ಎಲ್ಲ ಕೊಡಿ ಎಂದ.

ದಡದ ಮೇಲೆ ಹಾಕಿದ್ದ ಮುಳ್ಳಿನ ಬಾಗಿಲಲ್ಲಿ ಅತ್ತೆ ಕೂತಳು. ಕುರಿಯ ಮೇಲೆ ಕುರಿ, ಇರ್ಲಿ, ಇರ್ಲಿ, ಇರ್ಲಿ. ಅವಳ ಮುಖ ಅಷ್ಟು ಅರಳಿದ್ದನ್ನು ಹೆರಿಗೆಯ ಮನೆಯಲ್ಲೂ ನಾನು ನೋಡಿರಲಿಲ್ಲ.

“ಮಳೆ ಬಂತು ಕಣಪ್ಪ. ಇವು ನಮ್ಮ ಬೀಜ. ಕೊಡಾಕಿಲ್ಲ,” ಎಂದು ವ್ಯಾಪಾರಿಗೆ ಹೇಳಿದಳು.

ಕುಂಟು ಕುರಿ, ಗೊಡ್ಡು ಕುರಿಗಳನ್ನು ಮೈದುನ ಕೊನೆಗೆ ಬಿಡೋಣವೆಂದು ಒಂದು ಮೂಲೆಯಲ್ಲಿ ನಿಲ್ಲಿಸಿದ್ದ. ಅದಕ್ಕೆ ಮುಂಚೆ ನನ್ನ ಚೊಚ್ಚಲನ್ನು ಬಿಟ್ಟ. ಅತ್ತೆಯ ಬೆರಳು ಬೆನ್ನಿನ ಮೇಲೆ ಒತ್ತಿತು. ಮೂಳೆ ಸಿಕ್ಕಿತು.

“ಓಗ್ಲಿ.”

“ಅದು ಓಗಾಕಿಲ್ಲ,” ಎಂದೆ.

ಆ ಮಾತು ನಮ್ಮ ರೊಪ್ಪದ ಬಾಗಿಲಲ್ಲಿ ಯಾರೂ ಆಡಿದ್ದಲ್ಲ.

“ಸೊಂಟ ಒಣ್ಗದೆ. ಇವತ್ತೋ ನಾಳೆಯೋ ಈಯ್ತದೆ. ಕೆಚ್ಚಲಲ್ಲಿ ಆಲಿಲ್ಲ. ದಾರೀಲಿ ಎಲ್ಡೂ ಸಾಯ್ತವೆ,” ಎಂದಳು ಅತ್ತೆ, ಕೂಗಾಡದೆ, ಲೆಕ್ಕ ಹೇಳುವ ಹಾಗೆ.

ನಾನು ಚೊಚ್ಚಲಿನ ತಲೆ ಹಿಡಿದು ರೆಪ್ಪೆ ಎಳೆದು ಗಂಡನಿಗೆ ತೋರಿಸಿದೆ. ಕೆಂಪಗಿತ್ತು. ಪಕ್ಕದಲ್ಲಿದ್ದ ಕಪ್ಪು ಕುರಿಯ ರೆಪ್ಪೆ ಎಳೆದೆ. ಒಗೆದ ಬಟ್ಟೆಯ ಹಾಗೆ ಬೆಳ್ಳಗಿತ್ತು. ಇನ್ನೊಂದು ಎಳೆದೆ, ಅದೂ ಹಾಗೇ.

“ನೋಡಿ. ಇದೊಂದೇ ನೆಟ್ಟಗಿರೋದು. ಆ ಉಬ್ಬಿರೋವೆಲ್ಲ ಎಣ. ಅವುನ್ನ ಮಾರ್ಬುಡಿ, ಯಾಪಾರಿ ಇಲ್ಲೇ ಅವ್ನೆ.”

ವ್ಯಾಪಾರಿ ಪಾಪ ನಮ್ಮ ಜಗಳದಲ್ಲಿ ತಲೆ ಹಾಕಲಿಲ್ಲ. ಬೀಡಿ ಎಸೆದು ಸಂತೆಯ ಕಡೆ ನಡೆದ. ನನ್ನ ಚೊಚ್ಚಲು ಅವನಿಗೂ ಬೇಡವಾಗಿತ್ತು. “ಮೂಳೆ ತಕ್ಕೊಂಡೋಗಿ ಯಾರಿಗೆ ಮಾರ್ಲಿ ತಾಯಿ,” ಎಂದು ಹೋದ.

“ಕೊಯ್ದ್ಬುಡ್ಲಾ,” ಎಂದಳು ಅತ್ತೆ ಮೈದುನನಿಗೆ. “ಉಪ್ಪುಕಂಡ ಆಗ್ಲಿ. ದಾರಿಗಾಯ್ತದೆ.”

ನಾನು ಗಂಡನ ತೋಳು ಹಿಡಿದೆ. ಅವನು ಬಿಡಿಸಿಕೊಂಡು ಕುರಿಯ ಕಾಲು ಹಿಡಿದ. ಮೈದುನ ಕೊಯ್ದ.

ಹೊಟ್ಟೆ ಸೀಳಿದಾಗ ಮರಿ ಅಲುಗುತ್ತಿತ್ತು. ನಾನೇ ಕೈಹಾಕಿ ತೆಗೆದು, ಬಾಯಿಯೊಳಗಿನ ಲೋಳೆ ಬಳಿದು, ಕಾಲು ಹಿಡಿದು ಬೀಸಿದೆ. ಉಸಿರು ಬಂತು. ಅರಚಿತು. ಅತ್ತೆ ಕೈ ಚಾಚಿದಳು. ಕೊಲ್ಲುವುದಕ್ಕೆ ಎಂದುಕೊಂಡೆ. ಅವಳು ಅದನ್ನು ಕಂಬಳಿಯೊಳಗೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಚೊಚ್ಚಲಿನ ಲಿವರ್ರು ಮಾತ್ರ ತೆಗೆದು ಮುತ್ತುಗದ ಎಲೆಯ ಮೇಲೆ ಇಟ್ಟೆ. ನುಣ್ಣಗೆ ಹೊಳೆಯುತ್ತಿತ್ತು. ಸೀಳಿದ ಕಿವಿ ನಾಯಿಗೆ ಹಾಕಿದೆ.

ಮಧ್ಯಾಹ್ನ ಉಪ್ಪು ಹಚ್ಚುತ್ತಿರುವಾಗ ಗಂಟೆಯ ಸದ್ದು ಒಂದು ಥರ ಕೇಳಿತು. ಅತ್ತೆಯೇ ಮೊದಲು ಕತ್ತು ತಿರುಗಿಸಿದಳು. ಗಂಟೆಕುರಿ ಮುಂಗಾಲು ಮಡಿಸಿ ಬಿದ್ದಿತ್ತು. ಎಬ್ಬಿಸಿದರೆ ಏಳಲಿಲ್ಲ. ಬೆನ್ನು ತುಂಬಿಕೊಂಡೇ ಇತ್ತು. ಉಸಿರು ಹೋಗುವುದರೊಳಗೆ ಮೈದುನ ಕೊಯ್ದ. ಅದರ ಲಿವರ್ರನ್ನು ಕತ್ತರಿಸಿದಾಗ ಒಳಗಿಂದ ಬೇವಿನ ಎಲೆಯಂಥ ಚಪ್ಪಟೆ ಹುಳುಗಳು ಹೊರಳಾಡಿಕೊಂಡು ಹೊರಗೆ ಬಂದವು. ಅವನು ಚಾಕು ಬಿಸಾಡಿ ಎದ್ದು ಹಿಂದಕ್ಕೆ ಹೋದ. ಅವತ್ತು ನಗಲಿಲ್ಲ.

“ಏನ್ಲಾ ಅದು?” ಎಂದಳು ಅತ್ತೆ.

ನಾನು ಹೋಗಿ ಅವಳ ಒಂದು ಕೈಯಲ್ಲಿ ಚೊಚ್ಚಲಿನ ಲಿವರ್ರು ಇಟ್ಟೆ, ಇನ್ನೊಂದರಲ್ಲಿ ಗಂಟೆಕುರಿಯದು. “ಮುಟ್ಟಿ ನೋಡಿ ಅತ್ತೆಮ್ಮ. ಕೈ ಮಾತಾಡ್ತದಲ್ಲ, ಆಡ್ಲಿ,” ಎಂದೆ.

ಅವಳ ಬೆರಳು ನುಣ್ಣಗಿದ್ದರ ಮೇಲೆ ಓಡಿತು. ಆಮೇಲೆ ಗಂಟುಗಂಟಾಗಿದ್ದರ ಮೇಲೆ ನಿಧಾನವಾಗಿ ಹೋಯಿತು. ಒಂದು ಹುಳ ಅವಳ ಹೆಬ್ಬೆರಳಿಗೆ ಅಂಟಿಕೊಂಡಿತು. ಅದನ್ನು ಹಿಸುಕಿ ನೋಡಿದಳು. ಇದು ನನ್ನ ಗಂಟೆಕುರಿಯದಾ ಎಂದು ಕೇಳಿದಳು. ಹೌದು ಎಂದೆ. ಕೈಯನ್ನು ಹುಲ್ಲಿಗೆ ಒರೆಸಿಕೊಂಡಳು.

ಅಳುತ್ತಾಳೇನೋ ಎಂದು ನೋಡಿದೆ. ಅಂಥವಳಲ್ಲ.

“ಯಾಪಾರಿ ಇನ್ನೂ ಸಂತೇಲೇ ಇರ್ತಾನೆ. ಇವು ಇನ್ನೂ ನಡೀತವೆ. ಒತ್ತು ಮುಳುಗೋದ್ರೊಳ್ಗೆ ಒಡಕೊಂಡೋಗಿ. ಲಿವರ್ರು ಎಸೀಬೇಕು ಅಂತ ಯೋಳಿ, ಅವ್ನು ಏನು ಕೊಟ್ರೂ ಇಸ್ಕೊಳಿ,” ಎಂದಳು. ಆಮೇಲೆ ನನ್ನ ಕಡೆಗೆ ಮುಖ ಮಾಡಿ, “ಯಾವ್ದು ಓಗ್ಬೇಕು, ಯಾವ್ದು ಇರ್ಬೇಕು, ನೀನೇ ನೋಡು. ಕೂತ್ಕೊ ಬಾಗ್ಲಲ್ಲಿ” ಎಂದಳು.

ಕೂತೆ. ಅವಳು ಬೆಳಗಿನಿಂದ ಕೂತು ಬಿಸಿಯಾಗಿದ್ದ ಕಲ್ಲು ಇನ್ನೂ ಹಾಗೇ ಇತ್ತು. ಮೈದುನ ಒಂದೊಂದೇ ಬಿಟ್ಟ. ನಾನು ತಲೆ ಹಿಡಿದು ರೆಪ್ಪೆ ಎಳೆದೆ. ಓಗ್ಲಿ. ಓಗ್ಲಿ. ಮರಿಗೆ ಹಾಲು ಕೊಡುತ್ತಿದ್ದವೆಲ್ಲ ಕೆಳಗೆ ಮೇದವು, ಅವು ಅಷ್ಟೂ ಓಗ್ಲಿ, ಕಾಲಡಿಯ ಮರಿಯ ಸಮೇತ. ಪ್ರತಿಯೊಂದಕ್ಕೂ ಅತ್ತೆ ಹಿಂದೆ ಕೂತು ಕೇಳಿಸಿಕೊಂಡಳು. ಕೊನೆಗೆ ಕೆಂಪು ರೆಪ್ಪೆಯವು ಉಳಿದದ್ದು ದಡದಲ್ಲಿ ಸೊಪ್ಪು ತಿಂದುಕೊಂಡಿದ್ದ ಆ ಕುಂಟು, ಆ ಗೊಡ್ಡು. ಬೇರೆ ವರ್ಷವಾಗಿದ್ದರೆ ಮೊದಲು ಕಟುಕನಿಗೆ ಹೋಗಬೇಕಾದವು. ಅವೇ ನಮ್ಮ ಬೀಜವಾದವು.

“ಇದ್ನ?” ಎಂದಳು ಅತ್ತೆ.

ಕಂಬಳಿ ಬಿಚ್ಚಿ ಮರಿಯನ್ನು ಎತ್ತಿ ಹಿಡಿದಿದ್ದಳು. ನಾನು ರೆಪ್ಪೆ ಎಳೆದೆ. ದಾಳಿಂಬೆ ಹೂವಿನ ಹಾಗಿತ್ತು. ಬಾಲ ಎತ್ತಿ ನೋಡಿದೆ. ಗಂಡು. ನಾಳೆ ಬೆಳಿಗ್ಗೆ ನಡಿಗೆ. ಉಳಿದ ಕುರಿಗಳಲ್ಲಿ ಒಂದಕ್ಕೂ ಹಾಲಿಲ್ಲ.

“ಓಗ್ಲಿ,” ಎಂದೆ.

“ಟಗ್ರಾಯ್ತದೆ ಕಣಮ್ಮಿ. ನಿನ್ನ ತವ್ರಿಂದು ಇನ್ನೇನೂ ಉಳ್ದಿಲ್ಲ. ಗಂಜಿ ಅದ್ದಿ ಬಾಯಿಗಿಟ್ಕೊಂಡು ನಾನೇ ಒತ್ಕೊಂಡೋಯ್ತೀನಿ. ಇರ್ಲಿ ಬುಡು.”

ಅವಳು ನನ್ನನ್ನು ಏನಾದರೂ ಬೇಡಿದ್ದು ಅದೊಂದೇ ಸಲ.

“ನಿಮ್ಮ ಕೈಲಿ ಎಷ್ಟು ಗಂಡು ಮರಿ ಓದ್ವು ಅತ್ತೆಮ್ಮ. ಯಾವ್ದುಕ್ಕಾದ್ರೂ ಗಂಜಿ ಕುಡಿಸಿದ್ರಾ?”

“ಒಂದು ಮರಿ ತಾನೆ ಕಣೆ,” ಎಂದು ನನ್ನ ಗಂಡ ಬಾಯಿ ಹಾಕಿದ. “ಇರ್ಲಿ ಅಂತ...”

ಅತ್ತೆ ಅವನ ಕಡೆ ತಿರುಗಿದಳು. “ಬಾಗ್ಲಲ್ಲಿ ಕೂತೋಳು ಯೋಳಿದ್ಮೇಲೆ ಮಾತಾಡಬ್ಯಾಡ ಕಣ್ಲಾ.”

ಆಮೇಲೆ ಕಂಬಳಿಯೊಳಗೆ ಕೈಹಾಕಿ ಮರಿಯ ಕತ್ತು ತಿರುಗಿಸಿದಳು. ಕೈಗೆ ಅಭ್ಯಾಸ ಇತ್ತು, ಸದ್ದು ಕೂಡ ಬರಲಿಲ್ಲ.

ಅತ್ತಿಗೆ ಸೇಡಿಗೆ ಓಗ್ಲಿ ಅಂದಳು ಎಂದು ಮೈದುನ ಊರಲ್ಲಿ ಸಾರಿಕೊಂಡು ಬಂದ. ಸಾರಲಿ. ತಾಯಿಯ ಮೊದಲ ಹಾಲು ಕಾಣದೆ ಗಂಜಿ ಕುಡಿದ ಮರಿ ಭೇದಿ ಹತ್ತಿ ಕೋಟೆ ದಾಟುವುದರೊಳಗೆ ಸಾಯುತ್ತಿತ್ತು. ಅದನ್ನು ನನಗೆ ಕಲಿಸಿದವಳೇ ಅತ್ತೆ.

ಅವತ್ತಿನ ಊಟಕ್ಕೆ ಚೊಚ್ಚಲಿನ ತೊಡೆ ಬೇಯಿಸಿದೆವು. ನಾನೂ ತಿಂದೆ. ಮಾಂಸ ಚೆನ್ನಾಗಿತ್ತು, ರೋಗ ಇಲ್ಲದ ಕುರಿ. ಬೆಳಿಗ್ಗೆ ಗಂಟೆಯನ್ನು ಯಾವುದಕ್ಕೆ ಕಟ್ಟಬೇಕು ಎಂದು ಮೈದುನ ನನ್ನನ್ನು ಕೇಳಿದ, ಅತ್ತೆಯನ್ನಲ್ಲ. ಕುಂಟುಗಳಲ್ಲಿ ಕಡಿಮೆ ಕುಂಟುವುದಕ್ಕೆ ಕಟ್ಟಿಸಿದೆ. ಅತ್ತೆ ಅದರ ಹಿಂದೆ ನಡೆದಳು. ಗಂಟೆ ಎಡವಿ ಎಡವಿ ಬಾರಿಸುತ್ತಿತ್ತು, ಅವಳೂ ಹಾಗೇ ಎಡವಿದಳು. ಮಳೆಗೆ ದಾರಿಯ ಎರಡು ಕಡೆಯೂ ಹುಲ್ಲು ಚಿಗುರಿತ್ತು. ತಿನ್ನುವಷ್ಟು ಕುರಿ ಇರಲಿಲ್ಲ.

ಈಗ ನಮ್ಮ ರೊಪ್ಪ ಮತ್ತೆ ತುಂಬಿದೆ. ಎಲ್ಲ ಕಪ್ಪು, ಎಡಗಿವಿಯ ಕಚ್ಚು. ಕೆಟ್ಟ ವರ್ಷ ಬಂದಾಗ ಬಾಗಿಲಲ್ಲಿ ಕೂರುವವಳು ನಾನು. ಮೊದಲು ರೆಪ್ಪೆ ಎಳೆಯುತ್ತೇನೆ, ಆಮೇಲೆ ಬೆನ್ನು ಮುಟ್ಟುತ್ತೇನೆ. ಅವುಗಳಲ್ಲಿ ನನ್ನದು ಒಂದೂ ಇಲ್ಲ. ಇದ್ದಿದ್ದರೆ ಓಗ್ಲಿ ಅನ್ನಲು ತಡ ಮಾಡುತ್ತಿದ್ದೆನೇನೋ. ಈಗ ತಡ ಮಾಡುವುದಿಲ್ಲ.